ಅಲ್ಬುಕರ್ಕನೂ ಅವನು ಕಟ್ಟಿದ ಸಾಮ್ರಾಜ್ಯವೂ

ಸಾಮ್ರಾಜ್ಯಗಳು ಬಿದ್ದುಹೋದ ಕಥೆಯನ್ನು ಲೋಕವು ಕುತೂಹಲದಿಂದ ಕೇಳುತ್ತದೆ. ಅವು ಎದ್ದು ನಿಂತ ಕಥೆಯನ್ನು ಕೇಳುವಾಗ ಅಷ್ಟು ಎಚ್ಚರವಿರುವುದಿಲ್ಲ. ಕಟ್ಟಡವು ಕುಸಿದ ಮೇಲೆ ಬಿರುಕುಗಳನ್ನು ಎಣಿಸುವವರು ಬಹಳ ಮಂದಿ. ಅಸ್ತಿಭಾರಕ್ಕೆ ಹಾಕಿದ ಕಲ್ಲು ಎಂತಹುದೆಂದು ನೋಡುವವರು ವಿರಳ. ಹಿಂದೂಸ್ಥಾನಕ್ಕೆ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕಡೆಗೆ ಹೊರಟುಹೋದ ಐರೋಪ್ಯ ಸಾಮ್ರಾಜ್ಯವು ಪೋರ್ತುಗೀಜರದು. ೧೫೧೦ರಲ್ಲಿ ಗೋವೆಯಲ್ಲಿ ಬೇರೂರಿದ ಆ ಪ್ರಭುತ್ವವು ೧೯೬೧ರಲ್ಲಿ ಅಲ್ಲಿಂದ ಕಿತ್ತುಹೋಯಿತು. ನಾನೂರ ಐವತ್ತೊಂದು ವರ್ಷಗಳ ಈ ದೀರ್ಘಕಥೆಯ ಆರಂಭದಲ್ಲಿ ನಿಂತಿರುವ ಪುರುಷನು ಅಫೊನ್ಸೊ ದ ಅಲ್ಬುಕರ್ಕ್. ಅವನ ಹೆಸರನ್ನು ಕೇಳದ ವಿದ್ಯಾವಂತರಿಲ್ಲ. ಅವನ ಚರಿತ್ರವನ್ನು ಆದ್ಯಂತವಾಗಿ ಅರಿತವರು ಹೆಚ್ಚಿಲ್ಲ. ಕನ್ನಡನಾಡಿನ ಕರಾವಳಿಗೂ ಈ ಚರಿತ್ರಕ್ಕೂ ನಿಕಟವಾದ ಸಂಬಂಧವಿರುವುದರಿಂದ ಅದನ್ನು ಇಂದು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಅಲ್ಬುಕರ್ಕನು ಲಿಸ್ಬನ್ ನಗರಕ್ಕೆ ಸಮೀಪದ ಅಲ್ಹಾಂದ್ರವೆಂಬ ಊರಿನಲ್ಲಿ, ಸುಮಾರು ೧೪೫೩ರಲ್ಲಿ, ರಾಜಮನೆತನಕ್ಕೆ ಹತ್ತಿರದ ಒಂದು ಕುಲೀನ ವಂಶದಲ್ಲಿ ಹುಟ್ಟಿದನು. ತುರುಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಹಿಡಿದ ವರ್ಷವೂ ಅದೇ. ಐದನೆಯ ಅಫೊನ್ಸೊ ದೊರೆಯ ಆಸ್ಥಾನದಲ್ಲಿ ಬೆಳೆದು, ಗಣಿತವನ್ನೂ ಲ್ಯಾಟಿನ್ ಭಾಷೆಯನ್ನೂ ಕಲಿತು, ಯೌವನವನ್ನೆಲ್ಲ ಮೊರಾಕ್ಕೋ ದೇಶದ ಕೋಟೆಗಳಲ್ಲಿ ಮೂರರೊಡನೆ ಹೋರಾಡುವುದರಲ್ಲಿ ಕಳೆದನು. ಎರಡನೆಯ ಜೋವಾಂವ್ ದೊರೆಯು ಅವನನ್ನು ತನ್ನ ಅಶ್ವಶಾಲೆಯ ಅಧಿಕಾರಿಯನ್ನಾಗಿ ಮಾಡಿಕೊಂಡನು. ಹಿಂದೂಸ್ಥಾನದ ತೀರವನ್ನು ಅವನು ಮೊದಲು ಕಂಡಾಗ ಅವನಿಗೆ ಐವತ್ತು ವರ್ಷ. ಇತರರು ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ ಇವನ ಕಾರ್ಯವು ಆರಂಭವಾಯಿತು. ಆಮೇಲೆ ಉಳಿದ ಆಯುಸ್ಸು ಹನ್ನೆರಡು ವರ್ಷ ಮಾತ್ರ. ಅದರಲ್ಲಿಯೂ ಅಧಿಕಾರವು ಪೂರ್ಣವಾಗಿ ಅವನ ಕೈಯಲ್ಲಿದ್ದುದು ಆರೇ ವರ್ಷ.

ಆ ಕಾಲದ ಸಮುದ್ರವ್ಯಾಪಾರದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ನೆನೆಯಬೇಕು. ಮಲೆಯಾಳದ ಮೆಣಸು, ಸಿಂಹಳದ ದಾಲ್ಚಿನ್ನಿ, ಮೊಲಕ್ಕಾ ದ್ವೀಪಗಳ ಲವಂಗ, ಬಾಂದಾದ ಜಾಯಿಕಾಯಿ ಇವೆಲ್ಲ ಅರಬರ, ಗುಜರಾತಿಗಳ ಹಡಗುಗಳಲ್ಲಿ ಕೆಂಪು ಸಮುದ್ರಕ್ಕೂ ಪಾರಸಿ ಕೊಲ್ಲಿಗೂ ಹೋಗಿ, ಅಲ್ಲಿಂದ ವೆನಿಸ್ ನಗರದ ವರ್ತಕರ ಕೈಸೇರಿ ಯೂರೋಪಿನಲ್ಲಿ ಬಂಗಾರದ ಬೆಲೆಗೆ ಮಾರಾಟವಾಗುತ್ತಿದ್ದುವು. ರೇವುಗಳಿಗೆ ಅರಸರಿದ್ದರು, ಸುಂಕವಿತ್ತು. ಕಡಲ್ಗಳ್ಳರ ಭಯವೂ ಇತ್ತು. ಆದರೆ ನೀರಿನ ಮೇಲೆ ಹೋಗುವುದಕ್ಕೆ ಒಬ್ಬ ಅರಸನ ಅಪ್ಪಣೆ ಬೇಕೆಂಬ ಮಾತನ್ನು ಈ ಸಮುದ್ರದಲ್ಲಿ ಯಾರೂ ಕೇಳಿರಲಿಲ್ಲ. ೧೪೯೮ರಲ್ಲಿ ವಾಸ್ಕೋ ದ ಗಾಮನು ಕಲ್ಲಿಕೋಟೆಯ ಬಳಿ ಬಂದಿಳಿದನು. ಮರುವರ್ಷವೇ ಪೋರ್ತುಗಾಲಿನ ಮ್ಯಾನುಯೆಲ್ ದೊರೆಯು ಇಥಿಯೋಪಿಯಾ, ಅರಬಸ್ಥಾನ, ಪಾರಸಿ, ಹಿಂದೂಸ್ಥಾನ ಇವುಗಳ ನೌಕಾಯಾನಕ್ಕೂ ವಾಣಿಜ್ಯಕ್ಕೂ ತಾನೇ ಒಡೆಯನೆಂಬ ಬಿರುದನ್ನು ಧರಿಸಿದನು. ಸಮುದ್ರಕ್ಕೂ ಯಜಮಾನನುಂಟು ಎಂಬ ಈ ಹೊಸ ಶಾಸ್ತ್ರಕ್ಕೆ ಹಡಗುಗಳ ಮೇಲೆ ಕೂಡಿಸಿದ ಫಿರಂಗಿಗಳೇ ಪ್ರಮಾಣವಾದುವು. ಪೋರ್ತುಗೀಜರಿಂದ ಕಾರ್ತಾಜ್ ಎಂಬ ರಹದಾರಿ ಚೀಟಿಯನ್ನು ಪಡೆಯದ ಹಡಗನ್ನು ಸುಲಿಯುವುದು, ಸುಡುವುದು ಕ್ರಮೇಣ ಆ ಪ್ರಭುತ್ವದ ಕಾಯಿದೆಯೇ ಆಯಿತು. ಆಗಿನ ಪೋರ್ತುಗಾಲಿನ ಜನಸಂಖ್ಯೆಯಾದರೋ ಹತ್ತು ಹದಿನೈದು ಲಕ್ಷವನ್ನು ಮೀರಿರಲಾರದು.

ಅಲ್ಬುಕರ್ಕನು ೧೫೦೩ರಲ್ಲಿ ಮೊದಲ ಸಲ ಬಂದಾಗ ಕಂಡದ್ದು ಮಲೆಯಾಳದ ಅರಸರ ವೈರವನ್ನು. ಕಲ್ಲಿಕೋಟೆಯ ಸಾಮೂತಿರಿಗೂ ಕೊಚ್ಚಿಯ ಅರಸನಿಗೂ ಹಳೆಯ ಹಗೆತನವಿತ್ತು. ಕೊಚ್ಚಿಯವನಿಗೆ ನೆರವಾಗುವೆವೆಂದು ಹೇಳಿ ಪೋರ್ತುಗೀಜರು ಅಲ್ಲಿ ಮರದ ಕೋಟೆಯೊಂದನ್ನು ಕಟ್ಟಿದರು. ಈ ನೆಲದಲ್ಲಿ ಐರೋಪ್ಯರು ಕಟ್ಟಿದ ಮೊದಲನೆಯ ಕೋಟೆ ಅದೇ. ಅದು ಎದ್ದುದು ಈ ನೆಲದ ಅರಸನೊಬ್ಬನ ಒಪ್ಪಿಗೆಯಿಂದ ಎಂಬುದನ್ನು ವಾಚಕರು ಗಮನಿಸಬೇಕು. ಆ ಪಾಠವನ್ನು ಅಲ್ಬುಕರ್ಕನು ಮರೆಯಲಿಲ್ಲ.

೧೫೦೬ರಲ್ಲಿ ಅವನು ಮತ್ತೆ ಹೊರಟನು. ಸೊಕೋತ್ರ ದ್ವೀಪವನ್ನು ಹಿಡಿದು, ೧೫೦೭ರಲ್ಲಿ ಕೆಲವೇ ಹಡಗುಗಳೊಡನೆ ಪಾರಸಿ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್ ನಗರದ ಮೇಲೆ ಬಿದ್ದು, ಅಲ್ಲಿಯ ಅರಸನಿಂದ ಕಪ್ಪವನ್ನು ಒಪ್ಪಿಸಿಕೊಂಡು ಕೋಟೆಯ ಕೆಲಸವನ್ನು ಆರಂಭಿಸಿದನು. ಆದರೆ ಅವನ ಕಪ್ತಾನರಿಗೆ ಕಲ್ಲು ಹೊರುವುದಕ್ಕಿಂತ ಹಡಗುಗಳನ್ನು ಸುಲಿಯುವುದು ಪ್ರಿಯವಾಗಿತ್ತು. ಅವರಲ್ಲಿ ಕೆಲವರು ಅವನನ್ನು ಬಿಟ್ಟು ಹಿಂದೂಸ್ಥಾನಕ್ಕೆ ಓಡಿಬಂದು ವೈಸರಾಯನಾದ ಫ್ರಾನ್ಸಿಸ್ಕೊ ದ ಅಲ್ಮೇಡನಲ್ಲಿ ದೂರಿಟ್ಟರು. ೧೫೦೮ರ ಕೊನೆಯಲ್ಲಿ ಅಲ್ಬುಕರ್ಕನು ರಾಜನ ನೇಮಕದ ಪತ್ರದೊಡನೆ ಬಂದು ಅಧಿಕಾರವನ್ನು ಕೇಳಲು, ಅಲ್ಮೇಡನು ಕೊಡಲಿಲ್ಲ. ಚೌಲದ ಕಾಳಗದಲ್ಲಿ ಮಡಿದ ಮಗನ ಸೇಡನ್ನು ತೀರಿಸಿಕೊಳ್ಳದೆ ಇಳಿಯಲಾರೆನೆಂದು ಹಟ ಹಿಡಿದನು. ೧೫೦೯ರ ಫೆಬ್ರವರಿಯಲ್ಲಿ ದೀವಿನ ಬಳಿ ಈಜಿಪ್ತ್, ಗುಜರಾತ್, ಕಲ್ಲಿಕೋಟೆಗಳ ನೌಕಾಬಲವನ್ನು ಮುರಿದ ಮೇಲೆಯೂ ಅವನು ಮಾತನ್ನು ನಡೆಸಲಿಲ್ಲ. ಅಲ್ಬುಕರ್ಕನನ್ನು ಕಣ್ಣಾನೂರಿನ ಕೋಟೆಯಲ್ಲಿ ಸೆರೆಯಿಟ್ಟನು. ಆ ವರ್ಷದ ನವಂಬರಿನಲ್ಲಿ ಪೋರ್ತುಗಾಲಿನಿಂದ ದೊಡ್ಡ ಹಡಗುಪಡೆಯೊಡನೆ ಮಾರ್ಷಲ್ ಕೌತಿನ್ಹೊ ಬಂದಮೇಲೆಯೇ ಅವನಿಗೆ ಬಿಡುಗಡೆಯೂ ಅಧಿಕಾರವೂ ದೊರೆತುವು.

ಇವರಿಬ್ಬರ ವಿರಸವು ಕೇವಲ ಪದವಿಗಾಗಿ ಹುಟ್ಟಿದುದಲ್ಲ. ಸಮುದ್ರದಲ್ಲಿ ಬಲವಿದ್ದರೆ ಸಾಕು, ದಡದ ಮೇಲೆ ಕೋಟೆಗಳು ಹೆಚ್ಚಿದಷ್ಟೂ ಕೈಲಾಗದ ಹೊರೆಯು ಹೆಚ್ಚುವುದೆಂದು ಅಲ್ಮೇಡನ ಮತ. ಲಿಸ್ಬನ್ನಿನಿಂದ ಹಡಗು ಬರಲು ಆರು ತಿಂಗಳಿಗೆ ಕಡಿಮೆಯಿಲ್ಲ. ಮುರಿದ ಪಟಸ್ತಂಭವನ್ನು ನೆಡುವುದಕ್ಕೆ, ಗಾಯಾಳುವನ್ನು ಮಲಗಿಸುವುದಕ್ಕೆ ಸ್ವಂತ ನೆಲವಿಲ್ಲದ ನೌಕಾಬಲವು ನಿಲ್ಲಲಾರದೆಂದು ಅಲ್ಬುಕರ್ಕನ ಮತ. ಈ ಸಮುದ್ರಕ್ಕೆ ಮೂರು ಬಾಗಿಲುಗಳುಂಟೆಂದು ಅವನು ಕಂಡುಕೊಂಡಿದ್ದನು. ಪೂರ್ವಕ್ಕೆ ಮಲಕ್ಕಾ, ಪಾರಸಿ ಕೊಲ್ಲಿಗೆ ಹೋರ್ಮುಜ್, ಕೆಂಪು ಸಮುದ್ರಕ್ಕೆ ಏಡನ್. ಇವುಗಳ ನಡುವೆ ರಾಜಧಾನಿಯಾಗಿ ಹಿಂದೂಸ್ಥಾನದ ತೀರದಲ್ಲೊಂದು ಸುರಕ್ಷಿತವಾದ ರೇವು. ಇವು ಕೈಸೇರಿದರೆ ನಡುವಣ ಸಮುದ್ರವು ತಾನಾಗಿಯೇ ಕೈಸೇರುವುದು. ಆ ಕಾಲದಲ್ಲಿ ಇಷ್ಟು ದೊಡ್ಡ ಭೂಪಟವನ್ನು ಮನಸ್ಸಿನಲ್ಲಿ ಹಿಡಿದಿದ್ದವರು ಇನ್ನಾರಾದರೂ ಇದ್ದರೋ ಇಲ್ಲವೋ ನಾವು ಅರಿಯೆವು.

ಮೊದಲನೆಯ ಹೆಜ್ಜೆಯೇ ತಪ್ಪಿತು. ೧೫೧೦ರ ಜನವರಿಯಲ್ಲಿ ಕಲ್ಲಿಕೋಟೆಯ ಮೇಲೆ ನಡೆಸಿದ ದಾಳಿಯಲ್ಲಿ ಕೌತಿನ್ಹೊ ಮಡಿದನು. ಅಲ್ಬುಕರ್ಕನು ಗಾಯಗೊಂಡು ಹಡಗಿಗೆ ಮರಳಬೇಕಾಯಿತು. ಗಾಯವು ಮಾಗಿದ ಮೇಲೆ ೨೩ ಹಡಗುಗಳೊಡನೆ ಅವನು ಕೆಂಪು ಸಮುದ್ರದ ಕಡೆಗೆ ಉತ್ತರಾಭಿಮುಖವಾಗಿ ಹೊರಟಿದ್ದಾಗ, ನಮ್ಮ ಹೊನ್ನಾವರದ ಬಳಿ ಒಬ್ಬ ಪುರುಷನು ಬಂದು ಅವನನ್ನು ಕಂಡನು. ಪೋರ್ತುಗೀಜರು ತಮ್ಮ ಬಖೈರುಗಳಲ್ಲಿ ಅವನನ್ನು ತಿಮೋಜನೆಂದು ಕರೆಯುತ್ತಾರೆ. ನಮ್ಮವರು ತಿಮ್ಮಯ್ಯನೆಂದು ಗುರುತಿಸುತ್ತಾರೆ. ವಿಜಯನಗರಕ್ಕೆ ಅಧೀನವಾದ ಆ ತೀರದ ನೌಕಾನಾಯಕನಿವನು. ೧೫೦೫ರಲ್ಲಿ ಅಲ್ಮೇಡನು ಹೊನ್ನಾವರದ ಹಡಗುಗಳನ್ನು ಸುಟ್ಟದ್ದನ್ನು ಕಣ್ಣಾರೆ ಕಂಡವನು. ಅಂತಹವನೇ ಈಗ ಫಿರಂಗಿಯರಿಗೆ ದಾರಿ ತೋರಿಸಿದನು. ಕೆಂಪು ಸಮುದ್ರಕ್ಕೆ ಹೋಗುವುದೇಕೆ? ಗೋವೆಯು ಸಮೀಪದಲ್ಲಿದೆ, ಅದರ ಒಡೆಯನು ದೂರದಲ್ಲಿದ್ದಾನೆ, ಕೋಟೆಯಲ್ಲಿ ಬಲವಿಲ್ಲ, ಊರಿನ ಜನರಲ್ಲಿ ಅಸಮಾಧಾನವಿದೆ. ಇದು ತಿಮ್ಮಯ್ಯನು ಕೊಟ್ಟ ಸಲಹೆಯ ಸಾರಾಂಶ.

ಗೋವೆಯು ಕನ್ನಡಿಗರಿಗೆ ಪರಸ್ಥಳವಾಗಿರಲಿಲ್ಲ. ಕದಂಬರ ಒಂದು ಶಾಖೆಯು ಅಲ್ಲಿ ಆಳಿತ್ತು. ವಿಜಯನಗರದ ಮಾಧವ ಮಂತ್ರಿಯು ಹದಿನಾಲ್ಕನೆಯ ಶತಮಾನದಲ್ಲಿ ಅದನ್ನು ಗೆದ್ದುಕೊಂಡಿದ್ದನು. ೧೪೭೨ರಲ್ಲಿ ಬಹಮನಿಯ ಮಹಮೂದ ಗವಾನನು ಅದನ್ನು ವಿಜಯನಗರದಿಂದ ಕಿತ್ತುಕೊಂಡನು. ಬಹಮನಿ ರಾಜ್ಯವು ಒಡೆದ ಮೇಲೆ ಅದು ಬಿಜಾಪುರದ ಯೂಸುಫ್ ಆದಿಲಶಹನ ಪಾಲಾಯಿತು. ಅರಬಸ್ಥಾನ, ಪಾರಸಿ ದೇಶಗಳ ಕುದುರೆಗಳು ಬಂದಿಳಿಯುವ ದೊಡ್ಡ ರೇವು ಅದಾದುದರಿಂದ, ದಖ್ಖಣದ ರಾಜ್ಯಗಳ ಬಲಾಬಲವು ಬಹುಮಟ್ಟಿಗೆ ಅದು ಯಾರ ಕೈಯಲ್ಲಿದೆ ಎಂಬುದನ್ನು ಅವಲಂಬಿಸಿತ್ತು. ತಿಮ್ಮಯ್ಯನ ಮನಸ್ಸಿನಲ್ಲಿ ಹಳೆಯ ಸೇಡೂ ಇದ್ದಿರಬಹುದು, ಗೋವೆಯನ್ನು ತಾನು ಆಳಬೇಕೆಂಬ ಆಸೆಯೂ ಇದ್ದಿರಬಹುದು. ಮನೆಯ ಜಗಳವನ್ನು ತೀರಿಸಲು ಹೊರಗಿನವನನ್ನು ಕರೆದರೆ ಅವನು ತೀರ್ಪು ಹೇಳಿ ಹೊರಟುಹೋಗುವನೆಂದು ನಂಬಿದವರಲ್ಲಿ ಅವನು ಮೊದಲನೆಯವನೂ ಅಲ್ಲ, ಕಡೆಯವನೂ ಅಲ್ಲ.

೧೫೧೦ರ ಫೆಬ್ರವರಿಯಲ್ಲಿ ಗೋವೆಯು ಹೆಚ್ಚಿನ ಕಾಳಗವಿಲ್ಲದೆ ಅಲ್ಬುಕರ್ಕನ ವಶವಾಯಿತು. ಮೂರು ತಿಂಗಳಾಗುವಷ್ಟರಲ್ಲಿ ಯೂಸುಫ್ ಆದಿಲಶಹನು ಮಹಾಸೈನ್ಯದೊಡನೆ ಬಂದು ಅದನ್ನು ಮತ್ತೆ ಹಿಡಿದನು. ಅಲ್ಬುಕರ್ಕನು ಹಡಗುಗಳನ್ನೇರಿ ಹೊರಡಬೇಕೆನ್ನುವಷ್ಟರಲ್ಲಿ ಮಳೆಗಾಲವು ಹಿಡಿದು ಮಾಂಡವಿ ನದಿಯ ಅಳಿವೆಯು ಮುಚ್ಚಿತು. ಮುಂದೆ ಅಬ್ಬರಿಸುವ ಸಮುದ್ರ, ಹಿಂದೆ ಎರಡು ದಡಗಳಿಂದ ಗುಂಡಿನ ಮಳೆ. ಹೀಗೆ ಆಗಸ್ಟ್ ತಿಂಗಳವರೆಗೆ ಅವನು ನದಿಯ ನಡುವೆ ಸಿಕ್ಕಿಬಿದ್ದನು. ಆಹಾರವು ತೀರಿ ನಾವಿಕರು ಇಲಿಗಳನ್ನು ತಿನ್ನುವಂತಾಯಿತು. ಶತ್ರುವನ್ನು ಹಸಿವಿನಿಂದ ಕೊಲ್ಲುವುದು ವೀರಧರ್ಮವಲ್ಲವೆಂದು ಆದಿಲಶಹನು ದೋಣಿಯಲ್ಲಿ ಆಹಾರವನ್ನು ಕಳುಹಿಸಿದನೆಂದೂ, ಅಲ್ಬುಕರ್ಕನು ತನ್ನಲ್ಲಿ ಉಳಿದಿದ್ದ ರೊಟ್ಟಿಯನ್ನೂ ದ್ರಾಕ್ಷಾಮದ್ಯವನ್ನೂ ಹಡಗಿನ ಮೇಲೆ ತೋರುವಂತೆ ಇಡಿಸಿ ಅದನ್ನು ಹಿಂದಿರುಗಿಸಿದನೆಂದೂ ಪೋರ್ತುಗೀಜರ ಬಖೈರೇ ಹೇಳುತ್ತದೆ. ಆ ಸಂಕಟದ ದಿನಗಳಲ್ಲಿಯೇ, ಹಡಗಿನಲ್ಲಿ ಸೆರೆಯಿಟ್ಟಿದ್ದ ಸ್ತ್ರೀಯರ ಬಳಿಗೆ ಹೋಗುತ್ತಿದ್ದ ರುಯ್ ದಿಯಸ್ ಎಂಬ ಕುಲೀನ ಯುವಕನನ್ನು, ಇತರ ಕಪ್ತಾನರು ಎಷ್ಟು ಬೇಡಿಕೊಂಡರೂ ಕೇಳದೆ, ಅವನು ಗಲ್ಲಿಗೇರಿಸಿದನು. ಪೋರ್ತುಗೀಜರ ಶೌರ್ಯವನ್ನು ಹಾಡಿದ ಕಮೋಯಿಶ್ ಕವಿಯು ಸಹ ತನ್ನ ಮಹಾಕಾವ್ಯದಲ್ಲಿ ಈ ಕಠೋರತೆಯನ್ನು ಮಾತ್ರ ಹೊಗಳಲಾರದೆ ಹೋದನು.

ಮಳೆಯು ನಿಂತಿತು, ಅಲ್ಬುಕರ್ಕನು ಹೊರಬಿದ್ದನು. ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ ಪೋರ್ತುಗಾಲಿನಿಂದ ಬಂದ ಹೊಸ ಹಡಗುಗಳು ಅವನಿಗೆ ಸಿಕ್ಕಿದುವು. ಅಷ್ಟರಲ್ಲಿ ಯೂಸುಫನು ಕಾಲವಾಗಿ ಬಾಲಕನಾದ ಇಸ್ಮಾಯಿಲನು ಪಟ್ಟವೇರಿದ್ದನು. ನವಂಬರ ೨೫ರಂದು ಅಲ್ಬುಕರ್ಕನು ಮತ್ತೆ ಗೋವೆಯ ಮೇಲೆ ಬಿದ್ದು ಕೆಲವೇ ಘಂಟೆಗಳಲ್ಲಿ ಅದನ್ನು ಗೆದ್ದನು. ಗೆದ್ದ ಮೇಲೆ ನಡೆದುದನ್ನು ಬರೆಯಲು ಲೇಖನಿಯು ಹಿಂಜರಿಯುತ್ತದೆ. ನಾಲ್ಕು ದಿನಗಳ ಕಾಲ ಊರಿನ ಮುಸಲ್ಮಾನರನ್ನು, ಗಂಡಸು ಹೆಂಗಸು ಮಗುವೆಂಬ ಭೇದವಿಲ್ಲದೆ, ಹುಡುಕಿ ಹುಡುಕಿ ಕೊಲ್ಲಿಸಿದನು. ಸತ್ತವರ ಸಂಖ್ಯೆಯು ಆರು ಸಾವಿರವೆಂದು ತಾನೇ ತನ್ನ ದೊರೆಗೆ ಹೆಮ್ಮೆಯಿಂದ ಬರೆದುಕೊಂಡನು. ರೈತರನ್ನೂ ಹಿಂದುಗಳನ್ನೂ ಮುಟ್ಟಕೂಡದೆಂದು ಆಜ್ಞಾಪಿಸಿದನು. ಇದನ್ನು ದಯೆಯೆಂದು ಎಣಿಸಿದವರು ಅಂದು ಕೆಲವರಿದ್ದಿರಬಹುದು. ನೆರೆಮನೆಗೆ ಹಚ್ಚಿದ ಬೆಂಕಿಯಲ್ಲಿ ಚಳಿ ಕಾಯಿಸಿಕೊಂಡವರ ಮನೆಗೆ ಆ ಬೆಂಕಿಯು ಯಾವಾಗ ಬಂದಿತೆಂಬುದನ್ನು ಮುಂದೆ ಹೇಳುವೆವು.

ತಿಮ್ಮಯ್ಯನ ಗತಿಯೇನಾಯಿತು? ಗೋವೆಯು ಅವನಿಗೆ ದೊರೆಯಲಿಲ್ಲ. ಸುತ್ತಣ ಭೂಮಿಯ ಕಂದಾಯದ ಗುತ್ತಿಗೆಯು ದೊರೆಯಿತು. ಸ್ವಲ್ಪ ಕಾಲದಲ್ಲಿಯೇ ಅದೂ ಹೊನ್ನಾವರದ ರಾಜಮನೆತನದ ಮಲ್ಹಾರರಾಯನ ಕೈಗೆ ಹೋಯಿತು. ಆಮೇಲೆ ಬಿಜಾಪುರದ ಸೈನ್ಯಕ್ಕೆ ಸೋತು, ವಿಜಯನಗರಕ್ಕೆ ಹೋಗಿ ಅಲ್ಲಿಯೇ ಅವನು ತೀರಿಕೊಂಡನೆಂದು ಬಖೈರುಗಳಿಂದ ತಿಳಿಯುತ್ತದೆ. ಬಾಗಿಲು ತೆರೆದವನಿಗೆ ಮನೆಯೊಳಗೆ ಮಣೆ ಸಿಕ್ಕಲಿಲ್ಲ.

ಗೋವೆಯು ಕೈಸೇರಿದೊಡನೆ ಅಲ್ಬುಕರ್ಕನಿಗೆ ಕುದುರೆಯ ವ್ಯಾಪಾರವೆಂಬ ಬ್ರಹ್ಮಾಸ್ತ್ರವು ದೊರೆಯಿತು. ಅವನು ೧೫೧೦ರಲ್ಲಿಯೇ ಲೂಯಿಸ್ ಎಂಬ ಪಾದ್ರಿಯನ್ನು ಕೃಷ್ಣದೇವರಾಯನ ಬಳಿಗೆ ರಾಯಭಾರಿಯಾಗಿ ಕಳುಹಿಸಿದ್ದನು. ಕುದುರೆಗಳೆಲ್ಲ ಗೋವೆಯಲ್ಲಿಯೇ ಇಳಿಯಬೇಕೆಂದು ವಿಧಿಸಿ, ವಿಜಯನಗರಕ್ಕೂ ಬಿಜಾಪುರಕ್ಕೂ ಆಸೆಯನ್ನು ತೋರಿಸುತ್ತ, ಒಬ್ಬನ ಭಯದಿಂದ ಇನ್ನೊಬ್ಬನನ್ನು ಹಿಡಿತದಲ್ಲಿಟ್ಟನು. ರಾಯನಿಗೆ ಇದರಿಂದ ಪ್ರಯೋಜನವಾಗಲಿಲ್ಲವೆಂದು ಹೇಳಲಾಗದು. ೧೫೨೦ರ ರಾಯಚೂರಿನ ಮುತ್ತಿಗೆಯಲ್ಲಿ ಪೋರ್ತುಗೀಜ ಬಂದೂಕುಗಾರರು ಅವನ ಪಕ್ಷದಲ್ಲಿ ಹೋರಾಡಿದರು. ಆ ವೈಭವವನ್ನು ಕಂಡು ಪಾಯೆಸ್, ನೂನಿಜ್ ಎಂಬ ಪೋರ್ತುಗೀಜರು ಬರೆದಿಟ್ಟ ವರ್ಣನೆಗಳಿಂದ ವಿಜಯನಗರದ ಚರಿತ್ರೆಗೆ ಮಹದುಪಕಾರವೂ ಆಗಿದೆ. ಆದರೆ ಮಹಾರಾಜನಾದವನ ಅಶ್ವಬಲವು ಒಂದು ಸಣ್ಣ ದ್ವೀಪದಲ್ಲಿ ಕುಳಿತ ಪರದೇಶಿಯ ಸುಂಕದ ಕಟ್ಟೆಗೆ ಅಧೀನವಾಯಿತಲ್ಲ! ಅಷ್ಟು ವಿಸ್ತಾರವಾದ ತೀರವಿದ್ದೂ, ಅಷ್ಟು ರೇವುಗಳಿದ್ದೂ, ಸ್ವಂತ ನೌಕಾಬಲವನ್ನು ಕಟ್ಟಬೇಕೆಂಬ ಯೋಚನೆಯು ರಾಯರಿಗೂ ಸುಲ್ತಾನರಿಗೂ ಹೊಳೆಯಲಿಲ್ಲ. ಸಮುದ್ರದ ದಡವನ್ನು ರಾಜ್ಯದ ಹಿತ್ತಿಲೆಂದು ಅವರು ಎಣಿಸಿದ್ದರು. ಅದೇ ತಲೆಬಾಗಿಲೆಂಬುದನ್ನು ಅಲ್ಬುಕರ್ಕನು ಅರಿತಿದ್ದನು.

ಉಳಿದ ಬಾಗಿಲುಗಳ ಕಥೆಯನ್ನು ಬೇಗನೆ ಹೇಳಬಹುದು. ೧೫೧೧ರ ಆಗಸ್ಟಿನಲ್ಲಿ ಮಲಕ್ಕಾ ನಗರವು ಅವನಿಗೆ ವಶವಾಯಿತು. ಚೀನ, ಜಾವ, ಗುಜರಾತ್, ಬಂಗಾಳಗಳ ವರ್ತಕರು ಕೂಡುತ್ತಿದ್ದ ಆ ಮಹಾಪೇಟೆಯಲ್ಲಿ ದೊರೆತ ಅಪಾರ ದ್ರವ್ಯವನ್ನು ಹೊತ್ತ ಅವನ ಹಡಗು ಮರಳುವ ದಾರಿಯಲ್ಲಿ ಸುಮಾತ್ರದ ಬಳಿ ಒಡೆದು ಮುಳುಗಿತು. ಅವನು ಪ್ರಾಣವನ್ನು ಮಾತ್ರ ಉಳಿಸಿಕೊಂಡನು. ೧೫೧೩ರ ಮಾರ್ಚಿಯಲ್ಲಿ ಏಡನ್ ಕೋಟೆಗೆ ಹಚ್ಚಿದ ಏಣಿಗಳು ಸೈನಿಕರ ಭಾರಕ್ಕೆ ಮುರಿದುಬಿದ್ದುವು. ಅದೊಂದು ಬಾಗಿಲು ಅವನಿಗೆ ಕೊನೆಯವರೆಗೂ ತೆರೆಯಲಿಲ್ಲ. ಆದರೂ ಎದೆಗುಂದದೆ ಕೆಂಪು ಸಮುದ್ರವನ್ನು ಹೊಕ್ಕನು. ನೀಲನದಿಯನ್ನು ಬೇರೆ ಕಡೆಗೆ ತಿರುಗಿಸಿ ಈಜಿಪ್ತನ್ನು ಒಣಗಿಸಬೇಕೆಂಬ ಹುಚ್ಚು ಮನೋರಥವೂ ಅವನಿಗಿತ್ತು. ೧೫೧೫ರಲ್ಲಿ ಹೋರ್ಮುಜಿಗೆ ಮರಳಿ, ಅಲ್ಲಿಯ ಎಳೆಯ ಅರಸನನ್ನು ಆಡಿಸುತ್ತಿದ್ದ ಪ್ರಬಲ ಮಂತ್ರಿಯನ್ನು ಭೇಟಿಯ ನೆವದಿಂದ ಕರೆಸಿ ಕೊಲ್ಲಿಸಿ, ಎಂಟು ವರ್ಷಗಳ ಹಿಂದೆ ಅರ್ಧಕ್ಕೆ ನಿಂತಿದ್ದ ಕೋಟೆಯನ್ನು ಕಟ್ಟಿ ಮುಗಿಸಿದನು.

ಕ್ರೂರತೆಯನ್ನು ಹೇಳಿದಂತೆ ಗುಣವನ್ನೂ ಹೇಳುವುದು ನ್ಯಾಯ. ಗೋವೆಯಲ್ಲಿ ಅವನು ಟಂಕಸಾಲೆಯನ್ನು ತೆರೆದು ನಾಣ್ಯವನ್ನು ಹೊಡೆಯಿಸಿದನು. ಗ್ರಾಮಸಂಸ್ಥೆಗಳನ್ನೂ ಅವುಗಳ ಪೂರ್ವಾಚಾರವನ್ನೂ ಕೆಡಿಸಲಿಲ್ಲ. ಕಂದಾಯದ ಕೆಲಸಕ್ಕೂ ಸೈನ್ಯಕ್ಕೂ ಊರಿನ ಹಿಂದುಗಳನ್ನು ಸೇರಿಸಿಕೊಂಡನು. ಬಂಗಾಳದಲ್ಲಿ ಬೆಂಟಿಂಕನು ೧೮೨೯ರಲ್ಲಿ ಮಾಡಿದ ಸತೀನಿಷೇಧವನ್ನು ಇವನು ಮುನ್ನೂರು ವರ್ಷಗಳ ಮುಂಚೆಯೇ ಗೋವೆಯಲ್ಲಿ ಮಾಡಿದನು. ತನ್ನ ಸೈನಿಕರಿಗೆ ಇಲ್ಲಿಯ ಸ್ತ್ರೀಯರೊಡನೆ ವಿವಾಹ ಮಾಡಿಸಿ, ಮನೆ ಹೊಲಗಳನ್ನು ಕೊಟ್ಟು, ಈ ನೆಲದಲ್ಲಿಯೇ ಬೇರೂರುವ ಪ್ರಜೆಗಳನ್ನು ಸೃಷ್ಟಿಸಲೆಳಸಿದನು. ಆ ಸ್ತ್ರೀಯರಲ್ಲಿ ಅನೇಕರು ಯುದ್ಧದಲ್ಲಿ ಸೆರೆಸಿಕ್ಕಿದವರು ಎಂಬುದನ್ನು ಮಾತ್ರ ಮರೆಯಬಾರದು. ಲಂಚವನ್ನು ಮುಟ್ಟಲಿಲ್ಲ, ಮುಟ್ಟಿದವರನ್ನು ಸಹಿಸಲಿಲ್ಲ. ಬಡವನ ದೂರನ್ನೂ ಕೇಳುತ್ತಿದ್ದನು. ಇದೇ ಅವನಿಗೆ ಮುಳುವಾಯಿತು. ಸುಲಿಗೆಗೆ ಅವಕಾಶವಿಲ್ಲದೆ ಕುದಿಯುತ್ತಿದ್ದವರು ದೊರೆಯ ಕಿವಿಯನ್ನು ತುಂಬಿದರು. ಅವನು ಸ್ವತಂತ್ರನಾಗಲು ಹವಣಿಸುತ್ತಿರುವನೆಂಬ ಸಂಶಯವನ್ನು ಹುಟ್ಟಿಸಿದರು.

೧೫೧೫ರ ನವಂಬರಿನಲ್ಲಿ ಅತಿಸಾರದಿಂದ ಬಳಲುತ್ತ ಅವನು ಹೋರ್ಮುಜನ್ನು ಬಿಟ್ಟು ಗೋವೆಗೆ ಹೊರಟನು. ದಾರಿಯಲ್ಲಿ ಎದುರಾದ ಹಡಗಿನಿಂದ, ತನ್ನನ್ನು ತೆಗೆದುಹಾಕಿ ಲೊಪೊ ಸೊಆರೆಸನೆಂಬ ವಿರೋಧಿಯನ್ನು ಗವರ್ನರನನ್ನಾಗಿ ಕಳುಹಿಸಿರುವರೆಂದು ತಿಳಿಯಿತು. ತಾನು ಅಪರಾಧಿಗಳೆಂದು ಸೆರೆಹಿಡಿದು ಊರಿಗಟ್ಟಿದವರೇ ದೊಡ್ಡ ಪದವಿಗಳನ್ನು ಪಡೆದು ಮರಳಿದ್ದರು. ಆ ಸುದ್ದಿಯೊಡನೆ ಅವನ ಬದುಕುವ ಇಚ್ಛೆಯೂ ಹೋಯಿತು. ದೊರೆಗೆ ಕೊನೆಯ ಓಲೆಯನ್ನು ಬರೆಸಿ, ಮಗನನ್ನು ಅವನ ಕೈಗೊಪ್ಪಿಸಿ, ಡಿಸೆಂಬರ ೧೬ರ ಬೆಳಗಿನ ಜಾವದಲ್ಲಿ, ಗೋವೆಯ ಅಳಿವೆಯು ಕಣ್ಣಿಗೆ ಬಿದ್ದ ಸಮಯದಲ್ಲಿ, ಹಡಗಿನಲ್ಲಿಯೇ ಪ್ರಾಣವನ್ನು ಬಿಟ್ಟನು. ಮ್ಯಾನುಯೆಲ್ ದೊರೆಯು ಆಮೇಲೆ ಮನಸ್ಸು ತಿರುಗಿಸಿ ಅವನಿಗೆ ಮತ್ತೆ ಅಧಿಕಾರವನ್ನು ಕೊಡಹೊರಟನು. ಆ ಅಪ್ಪಣೆಯನ್ನು ಓದುವುದಕ್ಕೆ ಅವನಿರಲಿಲ್ಲ. ಸೊಂಟದವರೆಗೆ ಇಳಿದಿದ್ದ ಬಿಳಿಯ ಗಡ್ಡದ ಆ ಮುದುಕನ ಶವವನ್ನು ಗೋವೆಯಲ್ಲಿ ಅವನೇ ಕಟ್ಟಿಸಿದ್ದ ದೇವಾಲಯದಲ್ಲಿ ಹೂಳಿದರು. ಅಸ್ಥಿಗಳನ್ನು ಲಿಸ್ಬನ್ನಿಗೆ ಒಯ್ದುದು ೧೫೬೬ರಲ್ಲಿ.

ಅವನ ಮಗನು ಬರೆದ ಚರಿತ್ರೆಯಲ್ಲಿ ಒಂದು ಸಂಗತಿಯು ಬರುತ್ತದೆ. ಅಲ್ಬುಕರ್ಕನು ಸತ್ತ ಮೇಲೆ ಬಂದ ಅಧಿಕಾರಿಗಳ ಅನ್ಯಾಯವನ್ನು ತಾಳಲಾರದೆ ಗೋವೆಯ ಹಿಂದುಗಳೂ ಮುಸಲ್ಮಾನರೂ ಅವನ ಗೋರಿಯ ಬಳಿಗೆ ಹೋಗಿ, ಹೂವನ್ನೂ ದೀಪದ ಎಣ್ಣೆಯನ್ನೂ ಒಪ್ಪಿಸಿ, ತಮಗೆ ನ್ಯಾಯ ಕೊಡಿಸಬೇಕೆಂದು ಮೊರೆಯಿಡುತ್ತಿದ್ದರಂತೆ. ಪೋರ್ತುಗೀಜರು ಇದನ್ನು ತಮ್ಮ ವೀರನ ಕೀರ್ತಿಗೆ ಸಾಕ್ಷಿಯೆಂದು ಎತ್ತಿ ಹೇಳುತ್ತ ಬಂದಿದ್ದಾರೆ. ಕೀರ್ತಿಗೆ ಸಾಕ್ಷಿಯಾಗಿರಬಹುದು, ಆದರೆ ಸಾಮ್ರಾಜ್ಯಕ್ಕೆ ಇದಕ್ಕಿಂತ ಭಯಂಕರವಾದ ದೋಷಾರೋಪಣೆಯು ಇನ್ನೊಂದಿಲ್ಲವೆಂದು ನಮಗೆ ತೋರುತ್ತದೆ. ಆರು ಸಾವಿರ ಜನರನ್ನು ಕೊಲ್ಲಿಸಿದವನ ಗೋರಿಯಲ್ಲದೆ ಅಹವಾಲನ್ನು ಹೇಳಿಕೊಳ್ಳಲು ಬೇರೊಂದು ಸ್ಥಳವು ಆ ಪ್ರಜೆಗಳಿಗೆ ಜೀವಂತರ ಲೋಕದಲ್ಲಿ ಉಳಿದಿರಲಿಲ್ಲ. ಪರರ ಆಳ್ವಿಕೆಯಲ್ಲಿ ನ್ಯಾಯವು ಎಂದಾದರೊಮ್ಮೆ ದೊರೆತರೂ ಅದು ಒಬ್ಬನ ಸ್ವಭಾವದಿಂದ ದೊರೆಯುವುದು. ಅವನೊಡನೆ ಅದೂ ಮಣ್ಣಿಗೆ ಹೋಗುವುದು.

ಮುಂದಿನದು ಇಳಿತದ ಕಥೆ. ಆದರೆ ಹೊರಗೆ ಅದು ಏಳಿಗೆಯಂತೆಯೇ ಕಾಣುತ್ತಿತ್ತು. ವಸಾಯಿ, ದೀವು, ದಮನ್ ಸೇರಿದುವು. ಗೋವೆಯು ಪೂರ್ವದೇಶದ ರೋಮನಗರವೆನಿಸಿತು. ಒಳಗೆ ಪ್ರತಿಯೊಬ್ಬ ಅಧಿಕಾರಿಯೂ ಮೂರು ವರ್ಷಗಳ ಅವಧಿಯಲ್ಲಿ ಜೀವಮಾನಕ್ಕೆ ಸಾಕಾಗುವಷ್ಟನ್ನು ಗಳಿಸಿ ಮರಳಬೇಕೆಂಬುದೇ ರಾಜನೀತಿಯಾಯಿತು. ೧೫೪೦ರಲ್ಲಿ ತಿಸವಾಡಿ ದ್ವೀಪದ ದೇವಾಲಯಗಳನ್ನು ಕೆಡವಿದರು. ೧೫೬೦ರಲ್ಲಿ ಸ್ಥಾಪಿತವಾದ ಇನ್‌ಕ್ವಿಜಿಶನ್ ಎಂಬ ಧರ್ಮವಿಚಾರಣೆಯ ನ್ಯಾಯಸ್ಥಾನವು ನಡುವೆ ಕೆಲವು ವರ್ಷಗಳನ್ನು ಬಿಟ್ಟರೆ ೧೮೧೨ರವರೆಗೆ ಜನರನ್ನು ಪೀಡಿಸಿತು; ಹೊಸದಾಗಿ ಕ್ರೈಸ್ತರಾದವರೇ ಅದರ ಮುಖ್ಯ ಬಲಿಗಳು. ೧೫೧೦ರಲ್ಲಿ ತಮಗೆ ಕೇಡಿಲ್ಲವೆಂದು ನಂಬಿದ್ದವರ ಮಕ್ಕಳು ಮರಿಗಳು ದೇವರ ವಿಗ್ರಹಗಳನ್ನು ಎತ್ತಿಕೊಂಡು ನದಿಗಳನ್ನು ದಾಟಿ ಕನ್ನಡ ಜಿಲ್ಲೆಗಳಿಗೆ ವಲಸೆ ಬಂದರು. ಕಾರವಾರದಿಂದ ಮಂಗಳೂರಿನವರೆಗೆ ಕೊಂಕಣಿಯನ್ನಾಡುವ ಎಷ್ಟೋ ಮನೆತನಗಳಲ್ಲಿ ಆ ವಲಸೆಯ ನೆನಪು ಇನ್ನೂ ಉಳಿದಿದೆ.

೧೫೬೫ರಲ್ಲಿ ವಿಜಯನಗರವು ಬಿದ್ದಿತು. ಗೋವೆಯ ಕುದುರೆಯ ವ್ಯಾಪಾರವೂ ಅದರೊಡನೆ ಬಿದ್ದಿತು. ನೆರೆಯವನ ಸಂಪತ್ತಿನಿಂದ ಕೊಬ್ಬಿದವರು ಅವನ ನಾಶದಿಂದ ತಾವೂ ಬಡವಾದರು. ಅದನ್ನು ತುಂಬಿಕೊಳ್ಳಲೆಂದು ೧೫೬೮-೬೯ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳನ್ನು ಹಿಡಿದರು. ಉಳ್ಳಾಲದ ರಾಣಿ ಅಬ್ಬಕ್ಕನ ಪ್ರತಿಭಟನೆಯನ್ನು ನಮ್ಮ ಕರಾವಳಿಯು ಇಂದಿಗೂ ಹಾಡುತ್ತದೆ. ೧೫೮೦ರಲ್ಲಿ ಪೋರ್ತುಗಾಲು ತಾನೇ ಸ್ಪೇನಿನ ದೊರೆಗೆ ಅಧೀನವಾಯಿತು. ಸ್ಪೇನಿನ ಶತ್ರುಗಳಾದ ಡಚ್ಚರೂ ಇಂಗ್ಲಿಷರೂ ಅದಕ್ಕೂ ಶತ್ರುಗಳಾದರು. ಆಮೇಲೆ ಅಲ್ಬುಕರ್ಕನ ಬಾಗಿಲುಗಳು ಒಂದೊಂದಾಗಿ ಕಳಚಿದುವು. ೧೬೨೨ರಲ್ಲಿ ಪಾರಸಿಯ ಷಾ ಅಬ್ಬಾಸನು ಇಂಗ್ಲಿಷರ ಹಡಗುಗಳ ನೆರವಿನಿಂದ ಹೋರ್ಮುಜನ್ನು ಹಿಡಿದನು. ೧೬೪೧ರಲ್ಲಿ ಮಲಕ್ಕಾವೂ ೧೬೬೩ರಲ್ಲಿ ಕೊಚ್ಚಿಯೂ ಡಚ್ಚರ ಪಾಲಾದುವು. ೧೬೫೪ರೊಳಗಾಗಿ ಕೆಳದಿಯ ಶಿವಪ್ಪನಾಯಕನು ಹೊನ್ನಾವರ, ಬಸರೂರು, ಮಂಗಳೂರು ಕೋಟೆಗಳಿಂದ ಅವರನ್ನು ಹೊರದೂಡಿದನು. ೧೬೬೧ರ ಮದುವೆಯ ಒಪ್ಪಂದದಂತೆ ಮುಂಬಯಿಯು ಇಂಗ್ಲಿಷರಿಗೆ ಬಳುವಳಿಯಾಗಿ ಹೋಯಿತು. ೧೭೩೯ರಲ್ಲಿ ಚಿಮಾಜಿ ಅಪ್ಪನು ವಸಾಯಿಯನ್ನು ಗೆದ್ದನು. ಸಾಂಕ್ರಾಮಿಕ ರೋಗಗಳಿಂದ ಹಳೆಯ ಗೋವೆಯು ಪಾಳುಬಿದ್ದಿತು. ೧೮೪೩ರಲ್ಲಿ ಪಣಜಿಯೇ ವಿಧ್ಯುಕ್ತವಾಗಿ ರಾಜಧಾನಿಯಾಯಿತು.

ಇಷ್ಟು ಹೋದರೂ ಗೋವೆ ದಮನ್ ದೀವುಗಳು ಉಳಿದುವಲ್ಲ, ಹೇಗೆ? ಅಲ್ಬುಕರ್ಕನ ಕಾಲದ ಬಲವು ಉಳಿದಿದ್ದುದರಿಂದಲ್ಲ. ಇನ್ನೂ ದೊಡ್ಡದಾದ ಬ್ರಿಟಿಷ್ ಸಾಮ್ರಾಜ್ಯದ ನೆರಳಿನಲ್ಲಿ ಇದು ಬದುಕಿತ್ತು. ೧೯೪೬ರ ಜೂನ್ ೧೮ರಂದು ಮಡಗಾವಿನಲ್ಲಿ ರಾಮಮನೋಹರ ಲೋಹಿಯಾರವರು ಪೌರಸ್ವಾತಂತ್ರ್ಯದ ಚಳವಳಿಯನ್ನು ಆರಂಭಿಸಿದರು. ೧೯೪೭ರಲ್ಲಿ ನೆರಳು ಕೊಡುತ್ತಿದ್ದ ಮರವೇ ಹೋಯಿತ್ತು. ಆದರೂ ಸಾಲಜಾರನ ಸರಕಾರವು ಕಾಲದ ಗತಿಯನ್ನು ಅರಿಯಲಿಲ್ಲ. ೧೯೫೫ರ ಆಗಸ್ಟ್ ೧೫ರಂದು ನಿಃಶಸ್ತ್ರರಾದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿತು. ೧೯೬೧ರ ಡಿಸೆಂಬರಿನಲ್ಲಿ ಭಾರತದ ಸೈನ್ಯವು ಬೆಳಗಾವಿಯ ಕಡೆಯಿಂದ ಮುಂದುವರಿಯಿತು. ಸಮುದ್ರದಲ್ಲಿ ಮೈಸೂರು ಎಂಬ ಹೆಸರಿನ ಯುದ್ಧನೌಕೆಯೂ ತ್ರಿಶೂಲವೂ ಅಂಜದೀವ ದ್ವೀಪವನ್ನು ವಶಪಡಿಸಿಕೊಂಡುವು. ೧೫೧೦ರ ಮಳೆಗಾಲದ ಕೊನೆಯಲ್ಲಿ ಅಲ್ಬುಕರ್ಕನಿಗೆ ಹೊಸ ಬಲವು ಕೂಡಿಬಂದ ದ್ವೀಪವದು. ಡಿಸೆಂಬರ ೧೯ರಂದು ಗವರ್ನರ್ ಜನರಲನು ಶರಣಾದನು. ೧೯೭೪ರ ಕ್ರಾಂತಿಯಿಂದ ಪೋರ್ತುಗೀಜ ಜನರೂ ತಮ್ಮ ಸರ್ವಾಧಿಕಾರದಿಂದ ಬಿಡುಗಡೆ ಹೊಂದಿದರು; ಮರುವರ್ಷ ಮೊಜಾಂಬಿಕ್, ಅಂಗೋಲಗಳು ಸ್ವತಂತ್ರವಾದುವು; ೧೯೯೯ರಲ್ಲಿ ಮಕಾವು ಚೀನಕ್ಕೆ ಸೇರಿತು. ಪರರನ್ನು ಕಟ್ಟಿಹಾಕಿದ ಹಗ್ಗದ ಇನ್ನೊಂದು ಕೊನೆಯು ಕಟ್ಟಿದವನ ಕೈಯನ್ನೂ ಬಿಗಿದಿರುತ್ತದೆ ಎಂಬುದಕ್ಕೆ ಇದು ದೃಷ್ಟಾಂತ.

ಅಲ್ಬುಕರ್ಕನು ಅಲ್ಪಪುರುಷನಲ್ಲ. ಧೈರ್ಯ, ದೂರದೃಷ್ಟಿ, ಸ್ವಾರ್ಥತ್ಯಾಗ ಇವುಗಳಲ್ಲಿ ಅವನ ಸಮಾನರು ಯಾವ ದೇಶದಲ್ಲಿಯೂ ಕೆಲವರೇ. ಅಂತಹ ಗುಣಗಳೆಲ್ಲ ಕೂಡಿ ಕಟ್ಟಿದುದು ಸಹ ನಿಲ್ಲಲಿಲ್ಲವೆಂದ ಮೇಲೆ ದೋಷವು ಕಟ್ಟಿದವನ ಕೈಯಲ್ಲಿರಲಿಲ್ಲ, ಕಟ್ಟಡದಲ್ಲಿಯೇ ಇತ್ತು ಎನ್ನಬೇಕು. ಫಿರಂಗಿಯ ಭಯವೂ ನಮ್ಮವರ ಒಡಕೂ ಅದರ ಎರಡು ಕಂಬಗಳು. ಭಯವು ಹೆಚ್ಚು ಬಲವುಳ್ಳ ಇನ್ನೊಬ್ಬನು ಬರುವವರೆಗೆ ಮಾತ್ರ. ಒಡಕಾದರೋ ನಮ್ಮ ಕೈಯಲ್ಲಿತ್ತು. ಅದನ್ನು ಮುಚ್ಚಲು ನಾವು ನಾಲ್ಕೂವರೆ ಶತಮಾನಗಳನ್ನು ತೆಗೆದುಕೊಂಡೆವು. ಸಾಮ್ರಾಜ್ಯಗಳ ಪತನವನ್ನು ಓದಿ ಸಂತೋಷಪಡುವ ನಾವು ಹೊನ್ನಾವರದ ತಿಮ್ಮಯ್ಯನನ್ನೂ ಆಗಾಗ ನೆನೆಯುವುದು ಒಳ್ಳೆಯದು.

ಪಣಜಿಯ ಆಜಾದ್ ಮೈದಾನದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಒಂದು ಮಂಟಪವಿದೆ. ಅದರೊಳಗೆ ಹಿಂದೆ ಅಲ್ಬುಕರ್ಕನ ಪ್ರತಿಮೆಯು ನಿಂತಿತ್ತು. ಆ ಪ್ರತಿಮೆಯು ಈಗ ಹಳೆಯ ಗೋವೆಯ ವಸ್ತುಸಂಗ್ರಹಾಲಯದಲ್ಲಿದೆ. ಗೋವೆಯ ರಾಷ್ಟ್ರೀಯತೆಯ ಪಿತಾಮಹರೆನಿಸಿ, ಪೋರ್ತುಗಾಲಿನ ಸೆರೆಮನೆಯನ್ನು ಅನುಭವಿಸಿ, ಬಿಡುಗಡೆಯ ದಿನವನ್ನು ಕಾಣದೆ ೧೯೫೮ರಲ್ಲಿ ತೀರಿಕೊಂಡ ತ್ರಿಸ್ತಾಂವ್ ಬ್ರಗಾಂಜ ಕುನ್ಹರ ಸ್ಮಾರಕವು ಮಂಟಪದಲ್ಲಿದೆ. ಗೆದ್ದವನ ಪ್ರತಿಮೆಯನ್ನು ಒಡೆಯದೆ ಚರಿತ್ರೆಗೆ ಒಪ್ಪಿಸಿ, ಅವನು ನಿಂತಿದ್ದ ಸ್ಥಳವನ್ನು ತಮ್ಮವರಿಗೆ ಕೊಟ್ಟ ಗೋವೆಯ ಜನರ ವಿವೇಕವು ಶ್ಲಾಘ್ಯವಾದುದು. ಅವರು ಈಗ ಅಹವಾಲನ್ನು ಗೋರಿಯ ಬಳಿಗೆ ಒಯ್ಯಬೇಕಾಗಿಲ್ಲ. ತಾವೇ ಆರಿಸಿದ ಸಭೆಯಲ್ಲಿ, ತಮ್ಮ ಮಾತಿನಲ್ಲಿ, ಜೀವಂತರ ಎದುರಿನಲ್ಲಿ ಹೇಳಿಕೊಳ್ಳಬಹುದು. ಅಲ್ಲಿಯೂ ನ್ಯಾಯವು ಒಮ್ಮೊಮ್ಮೆ ತಡವಾಗುತ್ತದೆ ಎನ್ನುವವರಿದ್ದಾರೆ. ತಡವಾದರೆ ಮತ್ತೆ ಕೇಳುವ ಹಕ್ಕಿದೆ; ಸ್ವರಾಜ್ಯವೆಂದರೆ ಅದೇ.